ಎರಡು ಮಾರು ಹಗ್ಗ

ಕಟ್ಟಡದ ಕೆಲಸದವರು ಆಕೆಯನ್ನು ಮೇಲಿನಕ್ಕ ಎಂದು ಕರೆಯುತ್ತಿದ್ದರು. ನೆಲದಿಂದ ಅರವತ್ತು ಮೀಟರ್ ಎತ್ತರದಲ್ಲಿ, ಕ್ರೇನಿನ ಕುತ್ತಿಗೆಗೆ ನೇತುಬಿದ್ದಂತಿದ್ದ ಗಾಜಿನ ಕ್ಯಾಬಿನ್ನಿನಲ್ಲಿ ದಿನವಿಡೀ ಒಬ್ಬಳೇ ಕೂತಿರುವವಳಿಗೆ ಬೇರೆ ಹೆಸರಾದರೂ ಯಾಕೆ ಬೇಕು? ಬೆಳಗ್ಗೆ ಏಳಕ್ಕೆ ಏಣಿ ಹತ್ತಿದರೆ ಮಧ್ಯಾಹ್ನ ಊಟಕ್ಕೂ ಇಳಿಯುತ್ತಿರಲಿಲ್ಲ. ಬುತ್ತಿ, ನೀರಿನ ಬಾಟಲಿ, ವಾಕಿಟಾಕಿ ಎಲ್ಲವನ್ನೂ ಬೆನ್ನಿಗೆ ಕಟ್ಟಿಕೊಂಡೇ ಹತ್ತುತ್ತಿದ್ದಳು. "ನಮ್ಮಕ್ಕನಿಗೆ ದೇವರ ಪಕ್ಕದ ಸೀಟು" ಎಂದು ಅವಳ ತಮ್ಮ ಎಲ್ಲರೆದುರು ಕಿಚಾಯಿಸುತ್ತಿದ್ದ.

ತಮ್ಮನೂ ಅಲ್ಲೇ ಕೆಲಸಕ್ಕಿದ್ದ. ಕಟ್ಟಡದ ತುದಿ ಮಹಡಿಯಲ್ಲಿ ನಿಂತು, ಮೇಲೆ ಬರುವ ಸಾಮಾನಿಗೆ ದಾರಿ ತೋರಿಸುವ ಸಿಗ್ನಲಿನವನು ಅವನೇ. ಅಕ್ಕನ ಕಣ್ಣಿಗೆ ಕಾಣದ ಮೂಲೆಗಳನ್ನೆಲ್ಲ ಅವನು ನೋಡಿ ಹೇಳಬೇಕು: ಎಡಕ್ಕೆ, ಇನ್ನೂ ಎಡಕ್ಕೆ, ಸಾಕು, ಇಳಿಸು. ಒಂಬತ್ತು ವರ್ಷದಿಂದ ಅವಳು ಅವನ ಮಾತಿನ ಮೇಲೆಯೇ ಕೈ ಆಡಿಸುತ್ತಿದ್ದಳು.

ಹೊರಗಿನವರಿಗೆ ನಂಬಲಾಗದ ಸಂಗತಿಯೆಂದರೆ, ಆಕೆ ಹುಟ್ಟಾ ಅಂಜುಬುರುಕಿ. ಚಿಕ್ಕಂದಿನಲ್ಲಿ ಉಯ್ಯಾಲೆ ಮೇಲಕ್ಕೆ ಹೋದರೆ ಕಿರುಚಿ ಊರು ಸೇರಿಸುತ್ತಿದ್ದಳು. ಮದುವೆಯಾದ ಮೇಲೂ ಮಹಡಿ ಮೇಲಿನ ಬಟ್ಟೆ ತೆಗೆಯಲು ಗಂಡನನ್ನೇ ಕಳಿಸುತ್ತಿದ್ದಳು. ಅವನು ಕ್ರೇನ್ ಜೋಡಿಸುವ ಎಲೆಕ್ಟ್ರಿಷಿಯನ್. ತರಬೇತಿ ಶಾಲೆಯಲ್ಲಿ ಹೆಂಗಸರನ್ನೂ ತೆಗೆದುಕೊಳ್ಳುತ್ತಿದ್ದಾರೆ ಎಂದು ಅವನೇ ಅರ್ಜಿ ತಂದಾಗ, "ನನ್ನನ್ನ ಸಾಯಿಸೋ ಯೋಚನೆ ಇದ್ರೆ ನೇರವಾಗಿ ಹೇಳಿಬಿಡಿ" ಎಂದು ಜಗಳ ತೆಗೆದಿದ್ದಳಂತೆ.

ಆ ಶಾಲೆಯಲ್ಲಿ ಕಲಿಸುತ್ತಿದ್ದ ಮುದುಕರಿಗೆ ಎಲ್ಲರೂ ಬಕೆಟ್ ಮಾಸ್ತರು ಎನ್ನುತ್ತಿದ್ದರು. ಅವರು ಮೊದಲ ಹದಿನೈದು ದಿನ ಕಲ್ಲು, ಕಬ್ಬಿಣ ಏನನ್ನೂ ಎತ್ತಿಸಲಿಲ್ಲ. ಸಣ್ಣ ಕ್ರೇನಿನ ಕೊಕ್ಕೆಗೆ ಕಂಠಪೂರ್ತಿ ನೀರು ತುಂಬಿದ ಒಂದು ಡ್ರಮ್ ಸಿಕ್ಕಿಸಿ, ಮೈದಾನದ ಈ ತುದಿಯಿಂದ ಆ ತುದಿಗೆ ಒಯ್ಯಿ, ಹನಿ ಚೆಲ್ಲಬೇಡ ಎನ್ನುತ್ತಿದ್ದರು. ಹೊರಟರೆ ಡ್ರಮ್ ಹಿಂದೆ ಉಳಿಯುತ್ತಿತ್ತು. ನಿಲ್ಲಿಸಿದರೆ ಡ್ರಮ್ ಮುಂದೆ ಓಡುತ್ತಿತ್ತು. ಅವಳು ಗಾಬರಿಯಾಗಿ ಹಿಂದಕ್ಕೆಳೆದರೆ ತೂಗಾಟ ಇಮ್ಮಡಿಯಾಗಿ ಅರ್ಧ ನೀರು ಮಣ್ಣುಪಾಲು.

"ನಿಂತಿದ್ದಕ್ಕೆ ನಿಂತೇ ಇರಬೇಕು ಅಂತ ಹಟ. ಓಡ್ತಾ ಇರೋದಕ್ಕೆ ಓಡ್ತಾನೇ ಇರಬೇಕು ಅಂತ ಹಟ. ಭಾರ ಜಾಸ್ತಿ ಇದ್ದಷ್ಟೂ ಹಟ ಜಾಸ್ತಿ" ಎಂದರು ಮಾಸ್ತರು. "ಶಾಲೆಯಲ್ಲಿ ಇದಕ್ಕೆ ಜಡತ್ವ ಅಂತಾರಮ್ಮ. ಅದರ ಜೊತೆ ಗುದ್ದಾಡಬೇಡ. ತೂಗಿಕೊಂಡು ತುದಿಗೆ ಹೋದಾಗ ಅದು ಒಂದು ಕ್ಷಣ ನಿಲ್ಲುತ್ತೆ ನೋಡು, ಆಗ ಟ್ರಾಲಿಯನ್ನ ಅದರ ನೆತ್ತಿ ಮೇಲೆ ತಗೊಂಡು ಹೋಗಿ ನಿಲ್ಲಿಸು. ಹಗ್ಗ ನೆಟ್ಟಗಾದ್ರೆ ಅದನ್ನ ಪಕ್ಕಕ್ಕೆ ಎಳೆಯೋಕೆ ಏನೂ ಉಳಿಯಲ್ಲ."

ಟ್ರಾಲಿ ಎಂದರೆ ಕ್ರೇನಿನ ಉದ್ದ ತೋಳಿನ ಕೆಳಗೆ ಹಳಿಯ ಮೇಲೆ ಹಿಂದೆ ಮುಂದೆ ಓಡಾಡುವ ಗಾಲಿಬಂಡಿ. ಉಕ್ಕಿನ ಹಗ್ಗ, ಕೊಕ್ಕೆ ಎಲ್ಲ ಅದರಿಂದಲೇ ಇಳಿಬಿದ್ದಿರುತ್ತವೆ. ಹದಿನೈದನೇ ದಿನ ಅವಳು ಡ್ರಮ್ಮನ್ನು ಮೈದಾನದ ಆ ತುದಿಗೆ ಮುಟ್ಟಿಸಿದಾಗ ಒಂದು ಹನಿಯೂ ಚೆಲ್ಲಲಿಲ್ಲ. ಭಯ ಮಾತ್ರ ಬಿಟ್ಟು ಹೋಗಲಿಲ್ಲ. ಪ್ರತಿ ಬೆಳಗ್ಗೆ ಏಣಿಯ ಮೊದಲ ಮೆಟ್ಟಿಲಿಗೆ ಕೈಯಿಟ್ಟಾಗ ಅದು ಅಲ್ಲೇ ಕಾದಿರುತ್ತಿತ್ತು. ಹತ್ತು ಹನ್ನೆರಡು ವರ್ಷ ಅದು ಹಾಗೇ ಕಾದಿತ್ತು, ಅವಳೂ ಹಾಗೇ ಹತ್ತಿದಳು.

ಆ ಬುಧವಾರ ಬೆಳಗಿನಿಂದಲೇ ಗಾಳಿ ಸರಿಯಿರಲಿಲ್ಲ. ತೋಳಿನ ತುದಿಯಲ್ಲಿದ್ದ ಗಾಳಿ ಅಳೆಯುವ ಬಟ್ಟಲುಗಳು ಒಮ್ಮೆ ಸುಮ್ಮನಿದ್ದು, ಒಮ್ಮೆ ಹುಚ್ಚು ಹಿಡಿದಂತೆ ತಿರುಗುತ್ತಿದ್ದವು. ಮಧ್ಯಾಹ್ನ ಮೂರರ ಹೊತ್ತಿಗೆ ಹದಿನೇಳನೇ ಮಹಡಿಗೆ ಒಂದು ಗೋಡೆ ಚಪ್ಪಡಿ ಹೋಗುವುದಿತ್ತು. ಆಳೆತ್ತರದ, ಎರಡಾಳುದ್ದದ ಕಾಂಕ್ರೀಟ್ ಚಪ್ಪಡಿ. ಎರಡು ಟನ್ ಭಾರ.

"ಸಾರ್, ಗಾಳಿ ಬಿಟ್ಟು ಬಿಟ್ಟು ಬರ್ತಿದೆ. ಇದು ಅಗಲದ ಸಾಮಾನು, ಹಾಯಿ ಥರ ಗಾಳಿ ಹಿಡಿಯುತ್ತೆ. ನಾಳೆ ಎತ್ತೋಣ" ಎಂದಳು ವಾಕಿಟಾಕಿಯಲ್ಲಿ.

"ನಿಮ್ಮ ಮೀಟರಲ್ಲಿ ಇನ್ನೂ ಕೆಂಪು ಬಂದಿಲ್ಲ ತಾನೇ ಮೇಡಂ?" ಎಂದರು ಕೆಳಗಿದ್ದ ಇಂಜಿನಿಯರ್. "ಇದೊಂದೇ. ಆಮೇಲೆ ನಿಲ್ಲಿಸಿಬಿಡೋಣ."

ಕೆಂಪು ಬಂದಿರಲಿಲ್ಲ, ನಿಜ. ಅವಳಿಗೆ ಇಲ್ಲ ಎನ್ನಲು ಬಾಯಿ ಬರಲಿಲ್ಲ. ಆ ಒಂದು ಮಾತು ಆಡದೆ ಹೋದದ್ದನ್ನು ಅವಳು ಮುಂದೆ ಎಷ್ಟು ಸಲ ನೆನೆದು ತನ್ನನ್ನೇ ಹಳಿದುಕೊಂಡಳೋ ಲೆಕ್ಕವಿಲ್ಲ.

ಚಪ್ಪಡಿ ಮೇಲೇರಿತು. ಅದು ಗಿರಕಿ ಹೊಡೆಯದಂತೆ ಅದರ ಮೂಲೆಗೆ ಒಂದು ನಾರಿನ ಹಗ್ಗ ಕಟ್ಟಿತ್ತು. ಹದಿನೇಳನೇ ಮಹಡಿಯ ಅಂಚಿನಲ್ಲಿ ತಮ್ಮ ಆ ಹಗ್ಗದ ತುದಿಯನ್ನು ಹಿಡಿದುಕೊಂಡ. ಅವನ ಹಿಂದೆ ಕಂಬಿ ಕಟ್ಟುವ ವಯಸ್ಸಾದ ಮೇಸ್ತ್ರಿ. ಅಂಚಿಗೆ ಅಡ್ಡಲಾಗಿ ಸೊಂಟದೆತ್ತರದ ಒಂದೇ ಒಂದು ಪೈಪು. ಗಾಳಿ ಹಗ್ಗವನ್ನು ಕೈಯಿಂದ ಕಿತ್ತುಕೊಳ್ಳುತ್ತಿದ್ದರಿಂದ, ಗಟ್ಟಿಯಾಗಿರಲಿ ಎಂದು ತಮ್ಮ ಅದನ್ನು ಮುಂಗೈಗೆ ಎರಡು ಸುತ್ತು ಸುತ್ತಿಕೊಂಡ. ಮಾಡಬಾರದ ಕೆಲಸ ಅದು. ಅವನಿಗೂ ಗೊತ್ತಿತ್ತು.

ಅಷ್ಟರಲ್ಲಿ ಗಾಳಿ ಬಂತು.

ಕ್ಯಾಬಿನ್ನಿನ ಗಾಜು ಗುಂಯ್‌ಗುಟ್ಟಿತು. ಚಪ್ಪಡಿ ನಿಧಾನವಾಗಿ, ಯಾವ ಅವಸರವೂ ಇಲ್ಲದಂತೆ, ಗಿರಕಿ ಹೊಡೆದು ಬೆನ್ನು ತೋರಿಸಿತು. ಹಗ್ಗ ಕಟ್ಟಿದ್ದ ಮೂಲೆ ಆಚೆ ಬದಿಗೆ ಹೋಯಿತು. ತಮ್ಮ ಹಗ್ಗದ ಹಿಂದೆಯೇ ಓಡಿ ಬಂದು ಪೈಪಿಗೆ ಅಪ್ಪಳಿಸಿದ. ಅರ್ಧ ಮೈ ಹೊರಗೆ. ಮೇಸ್ತ್ರಿ ಹಾರಿ ಅವನ ಸೊಂಟದ ಬೆಲ್ಟಿಗೆ ಕೈಹಾಕಿದ. ಚಪ್ಪಡಿ ಮತ್ತೆ ತಿರುಗಿ ಮೊದಲಿನಂತಾದಾಗ ಹಗ್ಗವೇನೋ ಸಡಿಲವಾಯಿತು, ಆದರೆ ಸುತ್ತುಗಳು ಕೈಗವಸಿನ ಸಮೇತ ಉರುಲಿನಂತೆ ಬಿಗಿದುಕೊಂಡಿದ್ದವು. ಚಪ್ಪಡಿ ಈಗ ತೂಗಲು ಶುರುಮಾಡಿತ್ತು. ಕಟ್ಟಡದಿಂದ ಆಚೆ, ಮತ್ತೆ ಕಟ್ಟಡದ ಕಡೆಗೆ. ಪ್ರತಿ ಸಲ ಗಾಳಿ ಅದನ್ನು ಇನ್ನೊಂದಿಷ್ಟು ತಳ್ಳುತ್ತಿತ್ತು.

"ಅಕ್ಕಾ!" ತಮ್ಮನ ದನಿ ಕೀರಲಾಗಿತ್ತು. "ಕೈ ಬರ್ತಿಲ್ಲಕ್ಕಾ! ಬಿಚ್ಚಕ್ಕೆ ಬರ್ತಿಲ್ಲ!"

ಕೆಳಗಿನಿಂದ ಇಂಜಿನಿಯರ್ ಕೂಗುತ್ತಿದ್ದರು: "ಒಳಗೆ ಎಳೀರಿ ಮೇಡಂ! ಒಳಗೆ, ಒಳಗೆ!" ಅವಳ ಕೈಗೂ ಅದೇ ಬೇಕಿತ್ತು. ತಮ್ಮ ಈಚೆ ಇದ್ದಾನೆ, ಚಪ್ಪಡಿ ಇನ್ನಷ್ಟು ತೂಗಿದರೆ ಅವನನ್ನು ಆಚೆ ಎಳೆಯುತ್ತದೆ. ಚಪ್ಪಡಿಯನ್ನು ಈಚೆ ತರಬೇಕು ಎಂದು ಮೈಯ ಒಂದೊಂದು ನರವೂ ಚೀರುತ್ತಿತ್ತು. ಟ್ರಾಲಿ ಓಡಿಸುವ ಸನ್ನೆಗೋಲಿನ ಮೇಲೆ ಬೆರಳುಗಳು ಆಗಲೇ ಬಿಗಿದಿದ್ದವು.

ಎಳೆಯಲಿಲ್ಲ. ಚಪ್ಪಡಿ ಆಚೆ ತುದಿಯಲ್ಲಿರುವಾಗ ಟ್ರಾಲಿಯನ್ನು ಈಚೆ ಎಳೆದರೆ ಉಕ್ಕಿನ ಹಗ್ಗ ಇನ್ನೂ ಓರೆಯಾಗುತ್ತದೆ. ಎಷ್ಟು ಓರೆಯೋ ಅಷ್ಟೇ ರಭಸದಿಂದ ಆ ಎರಡು ಟನ್ ಭಾರ ವಾಪಸ್ ಬೀಸಿ ಬಂದು ಅಂಚಿನಲ್ಲಿರುವ ಇಬ್ಬರನ್ನೂ ಗೋಡೆಗೆ ಅರೆಯುತ್ತದೆ. ಅದನ್ನು ತಡೆಯಲು ಮನುಷ್ಯನ ತೋಳಿಗಾಗಲಿ, ಆ ಪೈಪಿಗಾಗಲಿ ಆಗದು. ಉಳಿದದ್ದು ಒಂದೇ ದಾರಿ, ಆಚೆ ಹೋಗುವುದು. ಚಪ್ಪಡಿಯ ನೆತ್ತಿಯ ಮೇಲೆ ಟ್ರಾಲಿಯನ್ನು ನಿಲ್ಲಿಸುವುದು. ಆದರೆ ಟ್ರಾಲಿಯೂ ಭಾರದ್ದೇ, ಬ್ರೇಕ್ ಒತ್ತಿದಲ್ಲೇ ನಿಲ್ಲುವುದಿಲ್ಲ. ಸ್ವಲ್ಪ ಜಾಸ್ತಿ ಹೋದರೆ ನಾರಿನ ಹಗ್ಗ ಬಿಗಿದು, ತಮ್ಮ ಪೈಪಿನ ಮೇಲಿಂದ ಆಚೆ.

"ನನ್ನ ಮಾತು ಕೇಳು. ಚಪ್ಪಡಿ ಪೂರ್ತಿ ಆಚೆ ಹೋದಾಗ ನಿನ್ನ ಹಗ್ಗ ಎಷ್ಟು ಉಳಿಯುತ್ತೆ? ನೋಡಿ ಹೇಳು."

"ಅಕ್ಕಾ, ಒಳಗೆ ಎಳಿಯಕ್ಕಾ..."

"ಎಷ್ಟು ಉಳಿಯುತ್ತೆ ಹೇಳೋ!" ಹುಟ್ಟಿದಾಗಿನಿಂದ ಅವಳು ಅವನನ್ನು ಹಾಗೆ ಗದರಿಸಿರಲಿಲ್ಲ.

ಒಂದು ತೂಗು ಆಚೆ ಹೋಗಿ ಬಂತು. ಉತ್ತರ ಕೊಟ್ಟವನು ಮೇಸ್ತ್ರಿ. ತಮ್ಮನ ಎದೆಯ ವಾಕಿಟಾಕಿಗೆ ಬಾಯಿಟ್ಟು ಹೇಳಿದ: "ಎರಡು ಮಾರು ಮೇಲಿನಕ್ಕ. ಎರಡೇ ಮಾರು."

ಎರಡು ಮಾರು ಎಂದರೆ ತೋಳು ಚಾಚಿದ ಇಬ್ಬರು ಮನುಷ್ಯರ ಅಗಲ. ಅಷ್ಟರಲ್ಲಿ ಎಲ್ಲವೂ ಮುಗಿಯಬೇಕು.

ಚಪ್ಪಡಿ ಈಚೆ ಬೀಸಿ ಬಂತು. ಅಂಚಿಗೆ ಒಂದು ಮೊಳ ಉಳಿಯಿತೋ ಇಲ್ಲವೋ. ಇಬ್ಬರೂ ತಲೆ ತಗ್ಗಿಸಿದ್ದು ಅವಳಿಗೆ ಕಂಡಿತು. ಅದು ಆಚೆ ಹೊರಟಾಗ ಅವಳೂ ಹೊರಟಳು. ಕಣ್ಣು ಚಪ್ಪಡಿಯ ಮೇಲೆ, ಕೈ ಸನ್ನೆಗೋಲಿನ ಮೇಲೆ. ಭಾರ ಕ್ರೇನಿನ ಕಂಬದಿಂದ ದೂರ ಹೋದಷ್ಟೂ ಕ್ರೇನನ್ನು ಮುಂದಕ್ಕೆ ಬಗ್ಗಿಸುವ ಬಲ ಹೆಚ್ಚುತ್ತದೆ. ಹಿಂದಿನ ತೋಳಿನಲ್ಲಿರುವ ಸಮತೂಕದ ಕಲ್ಲುಗಳು ಎಷ್ಟು ತಡೆಯಬಲ್ಲವೋ ಅಷ್ಟೇ. ಆ ಗಡಿ ಹತ್ತಿರವಾಯಿತೆಂದು ಎದುರಿನ ಹಳದಿ ದೀಪ ಹೊತ್ತಿಕೊಂಡು ಬಝರ್ ಬಡಿದುಕೊಳ್ಳತೊಡಗಿತು. ಅವಳು ಅದನ್ನು ಕೇಳಿಯೂ ಕೇಳದಂತಿದ್ದಳು. ಚಪ್ಪಡಿ ತುದಿ ಮುಟ್ಟಿತು. ಒಂದು ಕ್ಷಣ ನಿಂತಿತು. ಅದು ಹಿಂದಿರುಗುವ ಮೊದಲೇ ಟ್ರಾಲಿ ಅದರ ಮೇಲಿತ್ತು. ಬ್ರೇಕ್ ಹಾಕಿದಳು. ಟ್ರಾಲಿ ಜಾರಿತು, ಇನ್ನೂ ಜಾರಿತು, ನಿಂತಿತು.

ಉಕ್ಕಿನ ಹಗ್ಗ ನೆಟ್ಟಗಿತ್ತು. ಚಪ್ಪಡಿ ಬಳಲಿದ ಪ್ರಾಣಿಯಂತೆ ಒಮ್ಮೆ ಇತ್ತ, ಒಮ್ಮೆ ಅತ್ತ ಹೊಯ್ದಾಡಿ ಸುಮ್ಮನಾಯಿತು.

"ಎಷ್ಟಿದೆ?"

"ಅರ್ಧ ಮಾರು" ಎಂದ ಮೇಸ್ತ್ರಿ. "ಇನ್ನು ಅಲ್ಲಾಡಬೇಡ ತಾಯಿ."

ಈಗ ಅವನು ಒಂದು ಕೈಯನ್ನು ಬೆಲ್ಟಿನಿಂದ ಬಿಡಬಹುದಿತ್ತು. ಸೊಂಟಕ್ಕೆ ಸಿಕ್ಕಿಸಿಕೊಂಡಿದ್ದ ಇಕ್ಕಳ ತೆಗೆದು, ತಂತಿ ಕತ್ತರಿಸುವ ಅದರ ಬಾಯಿಯಿಂದ ಹಗ್ಗವನ್ನು ಎಳೆ ಎಳೆಯಾಗಿ ಕಡಿಯತೊಡಗಿದ. ಎರಡು ನಿಮಿಷ ಹಿಡಿಯಿತಂತೆ. ಆ ಎರಡು ನಿಮಿಷ ಅವಳು ರೆಪ್ಪೆ ಮಿಟುಕಿಸಲಿಲ್ಲ. ನಡುವೆ ಮತ್ತೊಂದು ಗಾಳಿ ಬಂದು ಚಪ್ಪಡಿ ಮೆಲ್ಲಗೆ ಹೊರಳಿದಾಗ ಅವಳ ಬಾಯಿಂದ ಹೊರಟ ದನಿ ಎಂಥದೆಂದು ಅವಳಿಗೇ ತಿಳಿಯಲಿಲ್ಲ. ಕೊನೆಯ ಎಳೆ ಹರಿದಾಗ ಹಗ್ಗ ಗಾಳಿಯಲ್ಲಿ ಬಾಲದಂತೆ ಹಾರಾಡಿತು. ಅಂಚಿನಲ್ಲಿದ್ದ ಇಬ್ಬರೂ ಹಿಂದಕ್ಕೆ ಬಿದ್ದು ಕಣ್ಮರೆಯಾದರು.

ಚಪ್ಪಡಿಯನ್ನು ಖಾಲಿ ಜಾಗದಲ್ಲಿ ನೆಲಕ್ಕಿಳಿಸಿ, ಕೊಕ್ಕೆ ಮೇಲೆತ್ತಿ, ಕ್ರೇನಿನ ತೋಳು ಗಾಳಿ ಬೀಸಿದತ್ತ ತಾನೇ ತಿರುಗಿಕೊಳ್ಳಲೆಂದು ಬ್ರೇಕ್ ಸಡಿಲಿಸಿದಳು. ಎಲ್ಲವನ್ನೂ ಕ್ರಮವಾಗಿ ಮಾಡಿದಳು. ಆಮೇಲೆ ಇಳಿಯಲೆಂದು ಬಾಗಿಲು ತೆರೆದು ಏಣಿಯ ಮೇಲೆ ಕಾಲಿಡಲು ಹೋದರೆ ಕಾಲು ಮುಂದಕ್ಕೆ ಹೋಗಲಿಲ್ಲ. ಕ್ಯಾಬಿನ್ನಿನ ನೆಲದ ಮೇಲೆ ಕುಕ್ಕರಿಸಿ ಕೂತವಳು ಒಂದು ಗಂಟೆಯಾದರೂ ಏಳಲಿಲ್ಲ. ಕೆಳಗಿನವರು ಕರೆದರೆ "ಬಂದೆ" ಎನ್ನುವಳು, ಬರಳು.

ಕೊನೆಗೆ ಮೇಸ್ತ್ರಿಯೇ ಹತ್ತಿ ಬಂದ. ಅರವತ್ತರ ಹತ್ತಿರದ ಆಸಾಮಿ, ಬೆವರಿ ಒದ್ದೆಯಾಗಿದ್ದ.

"ನಿನ್ನ ತಮ್ಮ ಕೆಳಗೆ ಕೂತು ಚಹಾ ಕುಡೀತಿದ್ದಾನೆ. ಮಣಿಕಟ್ಟು ಮುರಿದಿದೆ, ಬೇರೇನಿಲ್ಲ. ನಡಿ."

"ನನ್ನ ಕೈಲಾಗಲ್ಲಣ್ಣ. ಕೆಳಗೆ ನೋಡಿದ್ರೆ ಬಿದ್ದುಬಿಡ್ತೀನಿ."

"ಕೆಳಗೆ ಯಾಕೆ ನೋಡ್ತೀಯ? ನೋಡಿದ್ರೂ ನನ್ನ ಬೋಳುತಲೆ ಕಾಣುತ್ತೆ, ಅಷ್ಟೇ. ನಾನು ಒಂದು ಮೆಟ್ಟಿಲು ಕೆಳಗಿರ್ತೀನಿ. ನಿನ್ನ ಪಾದ ನಾನೇ ಹಿಡಿದು ಇಡ್ತೀನಿ."

ಹಾಗೆಯೇ ಮಾಡಿದ. ಒಂದೊಂದು ಮೆಟ್ಟಿಲಿಗೂ ಅವಳ ಪಾದ ಹಿಡಿದು ಕಂಬಿಯ ಮೇಲಿಟ್ಟು, "ಹೂಂ, ಇದಾಯ್ತು" ಎನ್ನುತ್ತ ಇಳಿಸಿದ. ನೆಲ ಮುಟ್ಟುವಷ್ಟರಲ್ಲಿ ಬಿಸಿಲು ಇಳಿದಿತ್ತು.

ಮೂರು ವಾರ ಅವಳು ಮನೆಯಿಂದ ಹೊರಬೀಳಲಿಲ್ಲ. ಸೀಲಿಂಗ್ ಫ್ಯಾನ್ ತಿರುಗಿದರೂ ಎದೆ ಹಾರುತ್ತಿತ್ತು. ಕಿಟಕಿ ಪರದೆ ಅಲ್ಲಾಡಿದರೆ ಎದ್ದು ಹೋಗಿ ಕಟ್ಟಿಬರುತ್ತಿದ್ದಳು. ಗಂಡ ಫ್ಯಾನಿನ ಸ್ವಿಚ್ಚಿನ ತಂತಿಯನ್ನೇ ಕಿತ್ತಿಟ್ಟ. ಒಂದು ಸಂಜೆ ಒಂಬತ್ತನೇ ಕ್ಲಾಸಿನ ಮಗಳು ಪುಸ್ತಕ ಹಿಡಿದು ಬಂದಳು.

"ಅಮ್ಮಾ, ಬಸ್ಸಿಗೆ ಬ್ರೇಕ್ ಹಾಕಿದ್ರೆ ನಾವು ಮುಂದಕ್ಕೆ ಯಾಕೆ ಬೀಳ್ತೀವಿ? ಮಿಸ್ ಹೇಳಿದ್ರು, ನಂಗೆ ಅರ್ಥ ಆಗ್ಲಿಲ್ಲ. ಮುಂದಕ್ಕೆ ತಳ್ಳೋದು ಯಾರು?"

"ಯಾರೂ ತಳ್ಳಲ್ಲ" ಎಂದಳು ತಾಯಿ. "ಬಸ್ಸು ನಿಲ್ಲುತ್ತೆ, ನೀನು ನಿಂತಿಲ್ಲ. ಮೊದಲು ಹೆಂಗೆ ಹೋಗ್ತಿದ್ದೆಯೋ ಹಂಗೇ ಹೋಗ್ತಿರ್ತೀಯ. ನಿನ್ನನ್ನ ನಿಲ್ಲಿಸೋಕೆ ಏನಾದ್ರೂ ಬೇಕು, ಕಂಬಿನೋ, ಮುಂದಿನ ಸೀಟೋ." ಆಮೇಲೆ ಎದ್ದು, ಒಂದು ಚೊಂಬಿಗೆ ದಾರ ಕಟ್ಟಿ ನೀರು ತುಂಬಿ, ಮಗಳ ಕೈಗೆ ಕೊಟ್ಟು ತೂಗಿಸಿದಳು. ಹಿಂದಕ್ಕೆಳೆದರೆ ಏನಾಗುತ್ತದೆ, ಕೈಯನ್ನು ಚೊಂಬಿನ ಮೇಲಕ್ಕೆ ಒಯ್ದರೆ ಏನಾಗುತ್ತದೆ ಎಂದು ತೋರಿಸಿದಳು. ತೋರಿಸುತ್ತ ತೋರಿಸುತ್ತ ಆ ಬುಧವಾರದ ಕಥೆಯನ್ನೆಲ್ಲ ಹೇಳಿಬಿಟ್ಟಳು. ಅದುವರೆಗೆ ಯಾರಿಗೂ ಪೂರ್ತಿ ಹೇಳಿರಲಿಲ್ಲ. ನಡುಮನೆಯ ನೆಲವೆಲ್ಲ ನೀರಾಗಿತ್ತು. ಮಗಳು ಅಳುತ್ತಿದ್ದಳು.

"ಮತ್ತೆ ಹೋಗ್ಬೇಡಮ್ಮ."

ತಾಯಿ ಚೊಂಬು ಎತ್ತಿಟ್ಟಳು. ನೆಲ ಒರೆಸಿದಳು. ಮುಂದಿನ ಸೋಮವಾರ ಬುತ್ತಿ ಕಟ್ಟಿಕೊಂಡು ಹೊರಟಳು. ಅರ್ಧ ಏಣಿ ಹತ್ತಿ ಅಟ್ಟಣೆಯ ಮೇಲೆ ಇಪ್ಪತ್ತು ನಿಮಿಷ ಕೂತಿದ್ದು, ಉಳಿದರ್ಧ ಹತ್ತಿದಳು.

ತಮ್ಮನ ಕೈ ಕೂಡಿತು. ಆದರೆ ಅವನು ಮತ್ತೆ ಅಂಚಿಗೆ ಹೋಗಲಿಲ್ಲ, ಉಗ್ರಾಣದಲ್ಲಿ ಕೆಲಸ ಕೇಳಿ ಪಡೆದ. ಈಗ ಅವನ ಜಾಗದಲ್ಲಿ ಬೇರೊಬ್ಬ ಸಿಗ್ನಲಿನವನಿದ್ದಾನೆ. ಗಾಳಿ ಬಿಟ್ಟು ಬಿಟ್ಟು ಬರುತ್ತಿದೆ ಎನಿಸಿದರೆ ಮೇಲಿನಕ್ಕ ಯಾರನ್ನೂ ಕೇಳದೆ ಕೊಕ್ಕೆ ಮೇಲೆತ್ತಿ ಕೂತುಬಿಡುತ್ತಾಳೆ. ಇಂಜಿನಿಯರ್ ಗೊಣಗುತ್ತಾರೆ, ಗೊಣಗಲಿ. ಗಾಳಿಯಿಲ್ಲದ ದಿನವೂ ಆ ಭಯ ಏಣಿಯ ಬುಡದಲ್ಲಿ ಕಾದಿರುತ್ತದೆ. ಮೊದಲಿಗಿಂತ ಹೆಚ್ಚಾಗಿದೆ ಎಂದು ಗಂಡನೆದುರು ಒಪ್ಪಿಕೊಂಡಿದ್ದಾಳೆ.

ಪ್ರತಿಸಲ ಸಾಮಾನನ್ನು ಮಹಡಿಗೆ ಇಳಿಸುವ ಮೊದಲು ವಾಕಿಟಾಕಿಯಲ್ಲಿ ಅವಳು ಕೇಳುತ್ತಾಳೆ: "ಕೈ ತೋರಿಸಪ್ಪ." ಅಂಚಿನಲ್ಲಿ ನಿಂತವನು ಎರಡೂ ಅಂಗೈ ಬಿಚ್ಚಿ ಮೇಲೆತ್ತುತ್ತಾನೆ. ಹಗ್ಗ ಅಂಗೈಯ ಮೇಲೆ ಸುಮ್ಮನೆ ಮಲಗಿರಬೇಕು, ಒಂದು ಸುತ್ತೂ ಇರಬಾರದು. ಅಷ್ಟು ದೂರದಿಂದ ಅದು ಸರಿಯಾಗಿ ಕಾಣುವುದಿಲ್ಲ. ಕಣ್ಣು ಕಿರಿದು ಮಾಡಿ, ಮುಂದೆ ಬಾಗಿ, ಕಾಣುವವರೆಗೂ ಅವಳು ನೋಡುತ್ತಾಳೆ.