ಒಂದು ಹೊರೆ, ಮೂರು ಹೊತ್ತು

ಕಳೆದ ವಾರ ಗಣಿತದ ಒಂದು ನಿಯಮವನ್ನು ನಂಬಿ ನಾನು ಕೊಲೆ ಮಾಡಿದೆ. ಸತ್ತದ್ದು ರೇಷ್ಮೆಹುಳ.

ಮರಳವಾಡಿಯ ತಂಗಿ ಜಯಮ್ಮ ಮಾಗಡಿಗೆ ಬೀಗರೂಟಕ್ಕೆ ಹೊರಟಳು. ಮನೆಯಲ್ಲಿ ಅಟ್ಟಣೆಯಂಥ ಮೂರು ಸ್ಟ್ಯಾಂಡಿನ ತುಂಬ ನಾಲ್ಕನೇ ಜ್ವರ ಎದ್ದ ಹುಳ. (ಜ್ವರವೆಂದರೆ ಕಾಯಿಲೆಯಲ್ಲ, ಪೊರೆ ಬಿಡುವ ನಿದ್ದೆ.) ಇನ್ನೊಂದು ವಾರಕ್ಕೆ ಗೂಡು. ಕಾವಲಿಗೆ ನಾನು, ನಿವೃತ್ತ ಗಣಿತ ಮೇಷ್ಟ್ರು.

"ಅಣ್ಣಯ್ಯ, ಸ್ಟ್ಯಾಂಡಿಗೆ ಒಂದು ಹೊರೆ ಸೊಪ್ಪು. ಬೆಳಿಗ್ಗೆ, ಮಧ್ಯಾಹ್ನ, ಸಂಜೆ. ಮರ್ತುಬುಟ್ಟೀಯ."

"ನನಗೇ ಲೆಕ್ಕ ಹೇಳ್ತೀಯಾ?"

ಬೆಳಗಿನ ಸೊಪ್ಪು ಹಾಕಿದೆ. ಕೂತೆ. ಎದ್ದೆ. ಗಡಿಯಾರ ನೋಡಿದೆ. ಐದು ನಿಮಿಷ ಆಗಿತ್ತು! ಹುಳ ಮೇಯುವುದನ್ನು ಮಧ್ಯಾಹ್ನದವರೆಗೆ ನೋಡಿಕೊಂಡು ಕೂರಲು ಯಾವ ಮನುಷ್ಯನಿಂದಾದೀತು?

ಆಗ ಪರಿವರ್ತನೀಯ ನಿಯಮ ನೆನಪಾಯಿತು. ಪೂರ್ಣ ಸಂಖ್ಯೆಗಳನ್ನು ಹಿಂದುಮುಂದಾಗಿ ಗುಣಿಸಿದರೂ ಗುಣಲಬ್ಧ ಬದಲಾಗದು. ಒಂದು ಹೊರೆಯಂತೆ ಮೂರು ಹೊತ್ತು. ಮೂರು ಹೊರೆಯಂತೆ ಒಂದು ಹೊತ್ತು. ಎರಡೂ ಮೂರೇ. ಉಳಿದ ಸೊಪ್ಪನ್ನೂ ಮೇಲೆ ಒಟ್ಟಿ, ಬಾಗಿಲು ಕಿಟಕಿ ಹಾಕಿ ಕನಕಪುರದ ಬಸ್ ಹತ್ತಿದೆ.

ಬಸ್ಸಿನಲ್ಲೇ ಏನೋ ಚುಚ್ಚತೊಡಗಿತು. ಮೊದಲು ಎಸರು, ಆಮೇಲೆ ಹಿಟ್ಟು. ತಿರುವುಮುರುವು ಮಾಡಿದರೆ ಮುದ್ದೆಯಾದೀತೆ? ಕನಕಪುರದಲ್ಲಿ ಇಳಿದವನು ಆರ್ಡರ್ ಮಾಡಿದ ಕಾಫಿಯನ್ನೂ ಬಿಟ್ಟು ಬಸ್ ಸ್ಟ್ಯಾಂಡಿಗೆ ಓಡಿದೆ. ವಾಪಸ್ ಬಸ್ಸಿಗೆ ಎರಡು ಗಂಟೆ ಕಾಯಬೇಕಂತೆ. (ಕಾಯಲಾರದೆ ತಾನೇ ಬಂದದ್ದು!)

ಮನೆ ಮುಟ್ಟಿದಾಗ, ಮೊದಲ ಪಂಕ್ತಿಯಲ್ಲೇ ಉಂಡು ಬಂದಿದ್ದ ಜಯಮ್ಮ ಸೀರೆ ಕೂಡ ಬದಲಿಸದೆ ಸೊಪ್ಪು ಎತ್ತೆತ್ತಿ ಹಾಕುತ್ತಿದ್ದಳು.

"ಇದೇನ್ ಮಾಡ್ಬುಟ್ಟೆ ಅಣ್ಣಯ್ಯ! ಸೊಪ್ಪೆಲ್ಲಾ ಬಿಸಿಯಾಗೈತೆ. ಕೆಳಗಿನ ಹುಳಕ್ಕೆ ಉಸ್ರು ಕಟ್ಟೈತೆ."

ನಾನು ನಿಯಮವನ್ನು ಉದಾಹರಣೆ ಸಹಿತ ವಿವರಿಸಿದೆ. ಅವಳು ಒಂದು ತೆಕ್ಕೆ ಸೊಪ್ಪು ನನ್ನ ಕೈಗೆ ತುರುಕಿದಳು. ನಾನೂ ಪಂಚೆ ಎತ್ತಿಕಟ್ಟಿ ಸೊಪ್ಪು ಎತ್ತಲು ನಿಂತೆ. ಎರಡು ಸ್ಟ್ಯಾಂಡ್ ಉಳಿಯಿತು. ಒಂದು ಹೋಯಿತು.

ಸಂಜೆ ಊಟಕ್ಕೆ ಕೂತರೆ ತಟ್ಟೆಯಲ್ಲಿ ಮೂರು ಮುದ್ದೆ.

"ಇದೇನಮ್ಮ?"

"ಇವತ್ತಿಂದು, ನಾಳೆ ಬೆಳಿಗ್ಗೇದು, ಮಧ್ಯಾಹ್ನದ್ದು. ಉಣ್ಣು. ಎಲ್ಲಾ ಒಂದೇ ಅಲ್ವಾ?"

ಒಂದೂವರೆ ಮುದ್ದೆಗೆ ನಿಯಮ ಮುರಿದುಬಿತ್ತು.

ಹೊಟ್ಟೆ ಮರುದಿನ ಸರಿಹೋಯಿತು. ಚಡಪಡಿಕೆ ಮಾತ್ರ ಹೋಗಿಲ್ಲ. ಮೂವತ್ತು ವರ್ಷ, ಈ ನಿಯಮವನ್ನು ತಪ್ಪಿಲ್ಲದೆ ಬರೆದ ಮಕ್ಕಳಿಗೆಲ್ಲ ಕೆಂಪು ಇಂಕಿನಲ್ಲಿ ರೈಟ್ ಹಾಕಿದ್ದೇನೆ. ಅವರಲ್ಲಿ ಎಷ್ಟು ಜನ ಈಗ ಹುಳ ಸಾಕುತ್ತಿದ್ದಾರೋ?