ಹೊಫುಫ್‌ಗೆ ಹೊತ್ತೊಯ್ದ ವೈಸೆರಿಟ್ಸ್ ಜಿಲ್ಲೆ

ವೈಸೆರಿಟ್ಸ್ ಜಿಲ್ಲೆಯ ಚರಿತ್ರೆಯನ್ನು ಕೊಲ್ಲಿಯ ಅಲ್ ಅಹ್ಸಾದಲ್ಲಿ ದುಡಿಯುವ ನಮ್ಮ ಕರಾವಳಿ ಮಂದಿ ಹೇಳುವುದು ಹೀಗೆ: ಜರ್ಮನಿಯಲ್ಲಿ ಎರಡು ಜಿಲ್ಲೆಗಳನ್ನು ಕೂಡಿಸಿ ಒಂದು ಮಾಡಿದರು. ತಮ್ಮ ಹೆಸರೇ ಇರಲಿ ಎಂದು ಎರಡೂ ಕಡೆಯವರು ಹಟ ಹಿಡಿದರು. ಯಾರಿಗೂ ಬೇಸರವಾಗದಿರಲಿ ಎಂದು ಅಲ್ಲಿ ಹರಿಯುವ ಹೊಳೆಯ ಹೆಸರಿಟ್ಟರು. ಹದಿನಾಲ್ಕು ವರ್ಷದ ನಂತರ ಸರಕಾರ ಅದನ್ನೂ ಪಕ್ಕದ ಜಿಲ್ಲೆಗೆ ಸೇರಿಸಿತು. ಜರ್ಮನ್ನರಲ್ಲವೇ, ಶಿಸ್ತಿನ ಜನ, ಸುಮ್ಮನೆ ಒಪ್ಪಿಕೊಂಡರು.

ನಾನು ಇದನ್ನು ನಂಬಲಿಲ್ಲ. ಹೊಳೆಯ ಹೆಸರಿನಿಂದ ಯಾರಿಗೂ ಬೇಸರವಿಲ್ಲ ಎನ್ನುವವರು ಹೊಳೆಯ ಕೆಳಬದಿಯಲ್ಲಿ ಮನೆ ಕಟ್ಟಿದವರಲ್ಲ. ಇನ್ನು, ಜನ ಸುಮ್ಮನಿದ್ದರು ಎನ್ನುವುದಕ್ಕೆ ಸಾಕ್ಷಿ ಯಾರು? ಒಬ್ಬ ಸಾಕ್ಷಿ ಅಲ್ ಅಹ್ಸಾದ ಹೊಫುಫ್ ಊರಲ್ಲೇ ಇದ್ದರು, ಮುಂದಿನ ವಾರ ಸ್ವದೇಶಕ್ಕೆ ಹೊರಟಿದ್ದರು. ಹೆಸರು ವೆರ್ನರ್. ಸಂಸ್ಕರಿಸಿದ ನೀರನ್ನು ಖರ್ಜೂರದ ತೋಟಗಳಿಗೆ ಹರಿಸುವ ಕೆಲಸದಲ್ಲಿ ವರ್ಷಗಟ್ಟಲೆ ದುಡಿದ ಎಂಜಿನಿಯರ್. ಅವರ ಬೀಳ್ಕೊಡುಗೆಗೆ ನಮ್ಮ ಸಂಘದವರು ಒಂದು ಸ್ಮರಣಿಕೆ ಮಾಡಿಸಿದ್ದರು. ಅದನ್ನು ರಿಯಾದ್‌ನಿಂದ ಒಯ್ಯುವ ಕೆಲಸ ನನಗೆ ಬಿತ್ತು.

ಕರಾವಳಿಯವರ ಸ್ಮರಣಿಕೆ ನೋಡಿದವರಿಗೆ ಗೊತ್ತು: ನಡುವೆ ಹೆಸರು, ಅದರ ಕೆಳಗೆ ಊರು, ಅದರ ಕೆಳಗೆ ಜಿಲ್ಲೆ. ಇಪ್ಪತ್ತೈದು ವರ್ಷ ಕೊಲ್ಲಿಯಲ್ಲಿ ದುಡಿದವನಿಗೂ ಜಿಲ್ಲೆಯಿಲ್ಲದೆ ನಮ್ಮಲ್ಲಿ ಸನ್ಮಾನವಿಲ್ಲ. ರಿಯಾದ್‌ನ ಮಲಾಜ್‌ನಲ್ಲಿ ಸ್ಮರಣಿಕೆಯ ಅಂಗಡಿ ಇಟ್ಟಿರುವ ಭಟ್ಕಳದ ಇಸ್ಮಾಯಿಲ್ ಭಾಯ್ ವೆರ್ನರ್ ಅವರ ಜಿಲ್ಲೆಯ ಸ್ಪೆಲ್ಲಿಂಗ್ ನೋಡಲು ಫೋನ್ ತೆರೆದಾಗ ವಿಷಯ ಹೊರಬಿತ್ತು. ಆ ಹೆಸರಿನ ಜಿಲ್ಲೆ 2008ರಲ್ಲೇ ಮುಗಿದಿತ್ತು.

"ನಿಮ್ಮ ಸಂಘದ ಲಾರೆನ್ಸ್ ಅಂಕಲ್ ಹಳೇದೇ ಬೇಕು ಅಂತಾರೆ, ನೀನು ಹೊಸದು ಅಂತಿ," ಎಂದರು ಇಸ್ಮಾಯಿಲ್ ಭಾಯ್. "ನಾನು ವ್ಯಾಪಾರಿ. ಹೆಸರಿನ ತಗಡು ಎರಡು ಮಾಡಿದ್ದೇನೆ. ನಾಲ್ಕು ಸ್ಕ್ರೂ ಉಂಟು. ಗೆದ್ದವರು ತಮ್ಮದನ್ನು ಹಾಕಿಕೊಳ್ಳಿ."

ಗುರುವಾರ ಬೆಳಿಗ್ಗೆ ಮರದ ಸ್ಮರಣಿಕೆಯನ್ನು ಟವೆಲಿನಲ್ಲಿ ಸುತ್ತಿ, ಎರಡು ತಗಡುಗಳನ್ನು ಕೈಚೀಲದಲ್ಲಿಟ್ಟು ರೈಲು ಹತ್ತಿದೆ. ನಿಲ್ದಾಣ ಮಲಾಜ್‌ನ ನಮ್ಮ ಮನೆಯಿಂದ ದೂರವಿಲ್ಲ. ಸ್ಕ್ಯಾನರಿನ ಪರದೆ ನೋಡುತ್ತಿದ್ದ ಹೆಂಗಸು ತಗಡು ಹೊರಗೆ ತೆಗೆಸಿ, ಓದಿ, "ಇದು ಎಲ್ಲಿಯದು?" ಎಂದು ಕೇಳಿದಳು. ಜರ್ಮನಿ ಎಂದೆ. ಎರಡನ್ನೂ ಹಿಂತಿರುಗಿಸಿದಳು. ಒಂದು ಈಗಿಲ್ಲದ ಜಿಲ್ಲೆ ಎಂದು ವಿವರಿಸುವ ಆಸೆ ನನಗಿತ್ತು, ಹಿಂದಿನವರು ನೂಕುತ್ತಿದ್ದರು.

ಹೊಫುಫ್‌ಗೆ ಸುಮಾರು ಎರಡೂವರೆ ಗಂಟೆಯ ದಾರಿ. ಊರು ಮುಗಿದದ್ದೇ ಬಯಲು, ಒಂಟೆಗಳು, ಆಮೇಲೆ ದಹ್ನಾ ಮರುಭೂಮಿಯ ಕೆಂಪು ಮರಳು. ದಾರಿಯಲ್ಲಿ ಒಂದೇ ಒಂದು ಹೊಳೆಯಿಲ್ಲ. ಇಡೀ ದೇಶದಲ್ಲೇ ವರ್ಷವಿಡೀ ಹರಿಯುವ ಹೊಳೆಯಿಲ್ಲ. ಅಂಥ ನೆಲದ ಮೇಲೆ ಹೊಳೆಯ ಹೆಸರೊಂದನ್ನು ಹೊತ್ತು ಹೋಗುತ್ತಿದ್ದೇನೆ ಎಂಬುದು ಕ್ಯಾಂಟೀನಿನ ಸಪ್ಪೆ ಚಹಾ ಕುಡಿಯುವಾಗ ಹೊಳೆದು ನಗು ಬಂತು. ನವೆಂಬರ್ ಆದ್ದರಿಂದ ಬಿಸಿಲಿಗೆ ಹಲ್ಲಿರಲಿಲ್ಲ.

ಲಾರೆನ್ಸ್ ಅಂಕಲ್ ನಿಲ್ದಾಣಕ್ಕೆ ಬಂದಿದ್ದರು. ಕಾರ್ಕಳದವರು, ವೆರ್ನರ್ ಜೊತೆ ಪಂಪ್‌ಹೌಸಿನಲ್ಲಿ ಕೆಲಸ ಮಾಡಿದವರು, ಸಂಘದ ಅಧ್ಯಕ್ಷರು. ಅವರ ಮನೆಮಾತು ಕೊಂಕಣಿ, ನನ್ನದು ತುಳು. ಹಾಗಾಗಿ ನಮ್ಮ ಜಗಳವೆಲ್ಲ ಕನ್ನಡದಲ್ಲೇ. ಕಾರು ಹತ್ತುವ ಮೊದಲೇ ಶುರುವಾಯಿತು.

"ಇಲ್ಲದ ಜಿಲ್ಲೆಯ ಹೆಸರು ಹಾಕಿದ್ರೆ ಅದು ಸುಳ್ಳು ಅಂಕಲ್."

"ಎಂತ ಸುಳ್ಳು ಮಾರಾಯ್ತಿ? ನಾನು ಹುಟ್ಟುವಾಗ ಕಾರ್ಕಳ ಯಾವ ಜಿಲ್ಲೆ? ದಕ್ಷಿಣ ಕನ್ನಡ. ಉಡುಪಿ ಜಿಲ್ಲೆ ಆಗುವಾಗ ನಾನು ಇಲ್ಲಿ ಪಂಪಿಗೆ ಗ್ರೀಸ್ ಹಾಕ್ತಾ ಇದ್ದೆ. ನನ್ನನ್ನು ಯಾರಾದ್ರೂ ಕೇಳಿದ್ರಾ?"

"ನಿಮ್ಮ ಪಾಸ್‌ಪೋರ್ಟಲ್ಲಿ ಈಗ ಏನುಂಟು?"

"ಉಡುಪಿ ಉಂಟು. ಪಾಸ್‌ಪೋರ್ಟು ಏರ್‌ಪೋರ್ಟಿನವನಿಗೆ. ಸ್ಮರಣಿಕೆ ಗೋಡೆಗೆ."

"ಹಾಗಾದ್ರೆ ವೆರ್ನರ್ ಅವರನ್ನೇ ಕೇಳುವ."

"ಮದುಮಗಳ ಹತ್ರ ಕೇಳಿ ಸೀರೆ ಉಡುಗೊರೆ ಕೊಡ್ತಾರಾ?"

"ಈಗ ಹಾಗೇ ಕೊಡೋದು ಅಂಕಲ್," ಎಂದೆ. ಶಾಲೆಯ ಚರ್ಚಾಸ್ಪರ್ಧೆಯಲ್ಲಾದರೆ ಅಲ್ಲಿಗೇ ಗಂಟೆ ಬಾರಿಸಿ ನನಗೆ ಅಂಕ ಕೊಡುತ್ತಿದ್ದರು. ಲಾರೆನ್ಸ್ ಅಂಕಲ್ ಹಾರ್ನ್ ಬಾರಿಸಿದರು.

ಮಧ್ಯಾಹ್ನ ಮನೆಯಲ್ಲಿ ಅವರ ಹೆಂಡತಿ ಗ್ರೇಸಿ ಆಂಟಿ ಅಹ್ಸಾದ ಕೆಂಪಕ್ಕಿಯ ಅನ್ನಕ್ಕೆ ಹಮೂರ್ ಮೀನಿನ ಸಾರು ಬಡಿಸಿದರು. ಅನ್ನ ನಮ್ಮ ಕುಚ್ಚಲಕ್ಕಿಯ ದಾಯಾದಿಯಂತಿತ್ತು. "ಊರಿನವರು ಬಂದ್ರೆ ಇದನ್ನು ಊರಿಂದಲೇ ತಂದದ್ದು ಅಂತ ಹೇಳ್ತೇನೆ. ಯಾರಿಗೂ ಗೊತ್ತಾಗುದಿಲ್ಲ," ಎಂದರು ಆಂಟಿ ಹೆಮ್ಮೆಯಿಂದ. ಹೊಫುಫ್‌ನಲ್ಲಿ ನಮ್ಮವರು ಕೆಲವೇ ಕುಟುಂಬ. ಆದರೆ ನೀರಿನ ಕೆಲಸದಲ್ಲಿ, ವರ್ಕ್‌ಶಾಪುಗಳಲ್ಲಿ, ಅಂಗಡಿಗಳಲ್ಲಿ ಅವರಿಲ್ಲದ ಬೀದಿಯಿಲ್ಲ. ಈ ಹೆಮ್ಮೆಯ ಬಗ್ಗೆ ನನ್ನ ತಕರಾರಿಲ್ಲ.

ಶುಕ್ರವಾರ ಬೆಳಿಗ್ಗೆ ವೆರ್ನರ್ ತೋಟ ತೋರಿಸಲು ಕರೆದರು. ಅರವತ್ತು ದಾಟಿದ, ಎತ್ತರದ, ಬಿಸಿಲಿಗೆ ಕೆಂಪಾದ ಮನುಷ್ಯ. ಖರ್ಜೂರದ ಮರಗಳ ನಡುವಿನ ಕಾಂಕ್ರೀಟ್ ಕಾಲುವೆಯ ಅಂಚಿನಲ್ಲಿ ನಡೆದೆವು. ಹಿಂದೆ ಈ ಕಾಲುವೆಗಳಿಗೆ ಬುಗ್ಗೆಗಳ ನೀರು ತಾನಾಗಿ ಬರುತ್ತಿತ್ತಂತೆ. ಬುಗ್ಗೆಗಳು ಸೋತವು, ಈಗ ಪಂಪು. ಲಾರೆನ್ಸ್ ಅಂಕಲ್ ಪ್ರತಿಯೊಂದು ಗೇಟಿನ ಬಳಿಯೂ ನಿಂತು, ತಮ್ಮ ಮಕ್ಕಳ ಅಂಕಪಟ್ಟಿ ತೋರಿಸುವವರ ಹಾಗೆ ಅದರ ಗುಣಗಾನ ಮಾಡುತ್ತಿದ್ದರು. ಕೊನೆಗೆ ಖಲಾಸ್ ಖರ್ಜೂರ ಕೊಳ್ಳಲು ತೋಟದವನ ಕಡೆ ಹೋದರು. ನಾನು ಅದಕ್ಕೇ ಕಾದಿದ್ದೆ.

"ನಿಮ್ಮ ಜಿಲ್ಲೆಗೆ ಹೊಳೆಯ ಹೆಸರಿಟ್ಟದ್ದು ರಾಜಿಗಾಗಿ ಅಂತಾರೆ. ನಿಜವೇ?" ಎಂದು ಇಂಗ್ಲಿಷಿನಲ್ಲಿ ಕೇಳಿದೆ.

"ನೀನು ಪತ್ರಕರ್ತೆಯೋ?"

"ಅಲ್ಲ. ಸುಲಭಕ್ಕೆ ಒಪ್ಪುವವಳಲ್ಲ, ಅಷ್ಟೆ."

ಅವರು ಕಾಲುವೆಯ ಅಂಚಿನಲ್ಲಿ ಕುಳಿತು, ಧೂಳಿನಲ್ಲಿ ಬೆರಳಿನಿಂದ ಎರಡು ಗೆರೆ ಎಳೆದು ಕೆಳಗೆ ಕೂಡಿಸಿದರು. ಒಂದು ಕೆಂಪು ವೈಸೆರಿಟ್ಸ್, ಇನ್ನೊಂದು ಕಾಡು ವೈಸೆರಿಟ್ಸ್. ಗಡಿಯ ಬೆಟ್ಟಗಳಿಂದ ಇಳಿದು ಫ್ರೈಟಾಲ್‌ನಲ್ಲಿ ಒಂದಾಗಿ, ಡ್ರೆಸ್ಡನ್ ನಗರದಲ್ಲಿ ಎಲ್ಬ ನದಿಗೆ ಸೇರುತ್ತವೆ. ಮೇಲಿನ ಊರು ಡಿಪ್ಪೋಲ್ಡಿಸ್‌ವಾಲ್ಡೆ, ಬೆಟ್ಟದವರದು. ಕೆಳಗಿನ ಫ್ರೈಟಾಲ್ ಕಲ್ಲಿದ್ದಲು, ಉಕ್ಕಿನ ಊರು. 1994ರಲ್ಲಿ ಇವೆರಡರ ಜಿಲ್ಲೆಗಳನ್ನು ಕೂಡಿಸಿ ಹೊಳೆಯ ಹೆಸರಿಟ್ಟರು. ಕಚೇರಿ ಮೇಲಿನ ಊರಿನಲ್ಲಿ. ವೆರ್ನರ್ ಅಲ್ಲಿ ನೀರಿನ ವಿಭಾಗದಲ್ಲಿದ್ದರು.

ನಾನು ನಕಾಶೆ ಓದಿಕೊಂಡೇ ಹೋಗಿದ್ದೆ. "ಗಡಿಯಾರ ಮಾಡುವ ಗ್ಲಾಸ್‌ಹ್ಯೂಟ್ಟೆ ಕೂಡ ನಿಮ್ಮ ಜಿಲ್ಲೆಯಲ್ಲೇ ಇತ್ತು. ಅದು ಈ ಹೊಳೆಯ ದಂಡೆಯಲ್ಲೇ ಇಲ್ಲ. ಆ ಊರಿನವರು ಯಾಕೆ ವೈಸೆರಿಟ್ಸ್ ಆಗಬೇಕಿತ್ತು?"

ಅವರು ಮೊದಲ ಸಲ ನಕ್ಕರು. "ಆಗ ನಮ್ಮ ಮೀಟಿಂಗಿಗೆ ನೀನು ಬರಬೇಕಿತ್ತು. ಸರಿ, ಒಪ್ಪುತ್ತೇನೆ. ಮೊದಲ ವರ್ಷಗಳಲ್ಲಿ ಅದು ಬರೀ ಕಚೇರಿಯ ಹೆಸರು. ಯಾರ ಬಾಯಲ್ಲೂ ಇರಲಿಲ್ಲ. 2002ರ ಆಗಸ್ಟಿನಲ್ಲಿ ಮಳೆ ಬಂತು."

ಆ ಮಳೆಯನ್ನು ಅವರು ಎಂಜಿನಿಯರನ ಹಾಗೆ ವರ್ಣಿಸಿದರು, ದನಿ ಏರಿಸದೆ. ಕಣಿವೆಯಲ್ಲಿ ಓಡುತ್ತಿದ್ದ ಪುಟ್ಟ ಉಗಿಬಂಡಿಯ ಹಳಿಗಳನ್ನು ಹೊಳೆ ಕಿತ್ತೊಯ್ಯಿತು. ಡ್ರೆಸ್ಡನ್‌ನಲ್ಲಿ ನೂರಕ್ಕೂ ಹೆಚ್ಚು ವರ್ಷ ಹಿಂದೆ ಹೊಳೆಯ ಪಾತ್ರವನ್ನೇ ತಿರುಗಿಸಿದ್ದರು. ಅಂದು ನೀರು ಹಳೆಯ ಪಾತ್ರ ಹಿಡಿದು ನೇರ ಮುಖ್ಯ ರೈಲು ನಿಲ್ದಾಣದೊಳಗೆ ನುಗ್ಗಿತು. ಆಮೇಲೆ ವಾರಗಟ್ಟಲೆ ಕೆಸರು. ಮೇಲಿನ ಊರಿನವರು ಗುದ್ದಲಿ ಹಿಡಿದು ಕೆಳಗಿನ ಊರಿಗೆ ಇಳಿದರು. ವೆರ್ನರ್ ತೊಟ್ಟ ಜಾಕೆಟ್ಟಿನ ಬೆನ್ನ ಮೇಲೆ ಜಿಲ್ಲೆಯ ಹೆಸರಿತ್ತು. "ನಾವು ವೈಸೆರಿಟ್ಸ್‌ನವರು ಅಂತ ಜನ ಹೇಳಿಕೊಂಡದ್ದನ್ನು ನಾನು ಮೊದಲು ಕೇಳಿದ್ದು ಆ ಕೆಸರಿನಲ್ಲಿ ನಿಂತು," ಎಂದರು. ಹಾಗೆ ಹೇಳುವಾಗ ಬೆನ್ನು ನೆಟ್ಟಗೆ ಮಾಡಿದರು. ನನ್ನ ಮೊದಲ ಅನುಮಾನ ಸರಿಯಿತ್ತು: ಅದು ರಾಜಿಯ ಹೆಸರಾಗಿ ಹುಟ್ಟಿರಬಹುದು, ರಾಜಿಯ ಹೆಸರಾಗಿ ಉಳಿಯಲಿಲ್ಲ.

"ಹಾಗಿದ್ದರೆ 2008ರಲ್ಲಿ ಜನ ಹೇಗೆ ಸುಮ್ಮನಿದ್ದರು?"

"ಸುಮ್ಮನಿರಲಿಲ್ಲ. ಅವರನ್ನು ಸುಮ್ಮನಾಗಿಸಲು ನನ್ನನ್ನೇ ಕಳಿಸಿದರು." ಅವರು ಧೂಳಿನ ಗೆರೆಗಳನ್ನು ನೋಡುತ್ತಿದ್ದರು. "ಜಿಲ್ಲೆಯ ಗಡಿ ನೋಡಿ ನೆರೆ ಬರುವುದಿಲ್ಲ, ಎಲ್ಲ ಕಣಿವೆಗಳಿಗೂ ಒಂದೇ ಕಚೇರಿ ಇದ್ದರೆ ಒಳ್ಳೆಯದು ಅಂತ ಊರೂರಿಗೆ ಹೋಗಿ ಹೇಳಿದೆ. ವಾದ ಸರಿಯಾಗಿಯೇ ಇತ್ತು. ಒಂದು ಕಡೆ ಒಬ್ಬ ಹೆಂಗಸು ಎದ್ದು ನಿಂತಳು. ಕೆಸರು ತೆಗೆಯುವಾಗ ನಿನ್ನ ಬೆನ್ನ ಮೇಲೆ ಏನು ಬರೆದಿತ್ತು ಅಂತ ಕೇಳಿದಳು."

"ನೀವೇನು ಹೇಳಿದಿರಿ?"

"ಮುಂದಿನ ಸ್ಲೈಡ್ ತೋರಿಸಿದೆ."

2008ರ ಆಗಸ್ಟಿನಲ್ಲಿ ಜಿಲ್ಲೆ ಮುಗಿಯಿತು. ಕಚೇರಿ ಪಿರ್ನಾ ಎಂಬ ಬೇರೆ ಊರಿಗೆ ಹೋಯಿತು, ವೆರ್ನರ್ ಕೂಡ ಹೋದರು, ಅಲ್ಲಿಂದ ಕೆಲವು ವರ್ಷಕ್ಕೆ ಇಲ್ಲಿಗೆ. ನೆರೆಯಿಂದ ನಿಂತುಹೋಗಿದ್ದ ಉಗಿಬಂಡಿ 2008ರ ಡಿಸೆಂಬರಿನಲ್ಲೇ ಮತ್ತೆ ಡಿಪ್ಪೋಲ್ಡಿಸ್‌ವಾಲ್ಡೆಗೆ ಬಂತು. ಬಂಡಿ ಬಂದಾಗ ಜಿಲ್ಲೆ ಇರಲಿಲ್ಲ.

ನಾನು ಕೈಚೀಲದಿಂದ ಎರಡೂ ತಗಡು ತೆಗೆದು ಕಾಂಕ್ರೀಟಿನ ಮೇಲಿಟ್ಟೆ. ಒಂದರಲ್ಲಿ ವೈಸೆರಿಟ್ಸ್ ದಪ್ಪ ಅಕ್ಷರದಲ್ಲಿ. ಇನ್ನೊಂದರಲ್ಲಿ ಈಗಿನ ಜಿಲ್ಲೆ, ಹೆಸರು ಎಷ್ಟು ಉದ್ದವೆಂದರೆ ಇಸ್ಮಾಯಿಲ್ ಭಾಯ್ ಅಕ್ಷರಗಳನ್ನು ಇರುವೆ ಗಾತ್ರಕ್ಕೆ ಇಳಿಸಿದ್ದರು. "ಯಾವುದು ಹಾಕಲಿ?"

ವೆರ್ನರ್ ಹೆಚ್ಚು ಯೋಚಿಸಲಿಲ್ಲ. "ವಾದ ಗೆದ್ದವನು ನಾನು. ಹೊಸದು ಹಾಕು. ಹಳೆಯದನ್ನು ತೆಗೆದುಕೊಳ್ಳಲು ನನಗೆ ಯೋಗ್ಯತೆ ಇಲ್ಲ."

ಅಂದರೆ ನಾನೂ ಗೆದ್ದಿದ್ದೆ. ಮನೆಗೆ ಬಂದು ಲಾರೆನ್ಸ್ ಅಂಕಲ್‌ಗೆ ಎಲ್ಲವನ್ನೂ ವರದಿ ಮಾಡಿದೆ. ಅವರು ಬೈಯಲಿಲ್ಲ. ಸ್ಕ್ರೂಡ್ರೈವರ್ ಹುಡುಕಿ ತಂದು, ನನ್ನೆದುರೇ ಕುಳಿತು, ಹಳೆಯ ಹೆಸರಿನ ತಗಡನ್ನು ಜೋಡಿಸತೊಡಗಿದರು.

"ಅಂಕಲ್, ಅವರೇ ಬೇಡ ಅಂದ್ರಲ್ಲ."

"ಬೇಡ ಅಂದದ್ದಲ್ಲ, ಯೋಗ್ಯತೆ ಇಲ್ಲ ಅಂದದ್ದು. ಯೋಗ್ಯತೆ ಇಲ್ಲ ಅನ್ನುವವರಿಗೇ ಸನ್ಮಾನ ಮಾಡ್ಲಿಕ್ಕೆ ಅಲ್ವಾ ಸಂಘ ಇರುದು? ಉಂಟು ಅನ್ನುವವರು ತಾವೇ ಮಾಡಿಸಿಕೊಳ್ತಾರೆ."

ಇದಕ್ಕೆ ಪ್ರತಿವಾದ ಇದೆ. ಆದರೂ ನಾಲ್ಕನೇ ಸ್ಕ್ರೂ ನಾನೇ ಎತ್ತಿಕೊಟ್ಟೆ.

ಸಂಜೆ ಊರ ಹೊರಗೆ ಬಾಡಿಗೆಗೆ ಹಿಡಿದ ಇಸ್ತಿರಾಹದಲ್ಲಿ, ಅಂದರೆ ತೋಟದ ಮನೆಯಲ್ಲಿ, ಸಮಾರಂಭ. ಶಾಲು, ಹಣ್ಣುಬುಟ್ಟಿ, ಭಾಷಣಗಳು. ವೆರ್ನರ್ ತಾವು ಹೇಳಿದ್ದೇ ಬರೆದಿದೆ ಎಂಬ ನಂಬಿಕೆಯಲ್ಲಿ ನಗುತ್ತ ಸ್ಮರಣಿಕೆ ತೆಗೆದುಕೊಂಡರು. ಓದಿದರು. ನಗು ನಿಂತಿತು. ಅವರು ಅದನ್ನು ಹಿಂತಿರುಗಿಸುತ್ತಾರೆ ಎಂದು ನನಗೆ ಖಾತ್ರಿಯಾಯಿತು. ಗ್ರೇಸಿ ಆಂಟಿ ನನ್ನ ಮೊಣಕೈ ಹಿಡಿದುಕೊಂಡಿದ್ದರು.

ಮೈಕಿನಲ್ಲಿ ಲಾರೆನ್ಸ್ ಅಂಕಲ್ "ವೈಸ್‌ರಿಟಿಸ್ ಜಿಲ್ಲೆಯ ಹೆಮ್ಮೆಯ ಪುತ್ರ" ಎಂದು ಘೋಷಿಸಿದರು.

ವೆರ್ನರ್ ಮೈಕ್ ಕೇಳಿ ಪಡೆದರು. "ವೈಸೆರಿಟ್ಸ್," ಎಂದು ತಿದ್ದಿದರು. ಲಾರೆನ್ಸ್ ಅಂಕಲ್ ಮತ್ತೆ ತಪ್ಪಿದರು. ವೆರ್ನರ್ ಮತ್ತೆ ಹೇಳಿಕೊಟ್ಟರು, ಈ ಸಲ ಎಲ್ಲರಿಗೂ, ಕೈಯೆತ್ತಿ. ಕಾರ್ಕಳ, ಭಟ್ಕಳ, ಕುಂದಾಪುರ, ಪುತ್ತೂರು ಎಲ್ಲವೂ ಒಂದೇ ಬಾಯಲ್ಲಿ ವೈಸೆರಿಟ್ಸ್ ಎಂದವು. ಆ ಹೆಸರನ್ನು ಒಂದೇ ಸಲ ಇಷ್ಟು ಜನ ಗಟ್ಟಿಯಾಗಿ ಹೇಳಿ ಎಷ್ಟು ಕಾಲವಾಗಿತ್ತೋ. ಸ್ಮರಣಿಕೆಯನ್ನು ಅವರು ಊಟದ ಹೊತ್ತಿನಲ್ಲೂ ಕೆಳಗಿಡಲಿಲ್ಲ, ಬಿರಿಯಾನಿಯ ತಟ್ಟೆಯನ್ನು ಎಡಗೈಯಲ್ಲಿ ಹಿಡಿದು ಪಾಡು ಪಟ್ಟರು. ನಾನು ಸೋತ ಪಕ್ಷದವಳು, ಆದರೂ ಗಂಟಲು ನೋಯುವಷ್ಟು ಕೂಗಿದ್ದೆ.

ಶನಿವಾರ ರಿಯಾದ್ ರೈಲಿಗೆ ನನ್ನನ್ನು ಬಿಡಲು ವೆರ್ನರ್ ತಾವೇ ಬಂದರು. ಪ್ಲಾಟ್‌ಫಾರಂ ಬಾಗಿಲಿನ ಬಳಿ ಉಳಿದ ತಗಡನ್ನು ಅವರಿಗೆ ಕೊಟ್ಟೆ. ಇರುವೆ ಅಕ್ಷರಗಳನ್ನು ಹತ್ತಿರ ಹಿಡಿದು ಓದಿ, ಅಂಗಿಯ ಜೇಬಿಗೆ ಇಳಿಸಿದರು. ಅದು ಅರ್ಧ ಹೊರಗೇ ಉಳಿಯಿತು. ಟಿಕೆಟ್ ನೋಡುವವನು ಬೇಗ ಎನ್ನುತ್ತಿದ್ದ. ಇನ್ನೊಂದು ಪ್ರಶ್ನೆ ಉಳಿದಿತ್ತು, ಕೇಳದೆ ಹೋಗುವ ಅಭ್ಯಾಸ ನನಗಿಲ್ಲ.

"ಊರಿಗೆ ಹೋದ ಮೇಲೆ ಆ ಹೆಂಗಸು ಮತ್ತೆ ಎದ್ದು ನಿಂತು ಅದನ್ನೇ ಕೇಳಿದರೆ, ಈ ಸಲವೂ ಮುಂದಿನ ಸ್ಲೈಡ್ ತೋರಿಸುತ್ತೀರಾ?"