ಕೆಟ್ಟ ತಟ್ಟೆ ಕೇಳಿದ ಆಡಿಟರು

ಚನ್ನಗಿರಿಯಲ್ಲಿ ನಾನು ಟೈಪಿಸ್ಟ್ ಆಗಿದ್ದ ಆಫೀಸಿನ ಆಡಿಟರು ಪ್ರತಿ ಕಾಗದವನ್ನೂ ಬೆಳಕಿಗೆ ಹಿಡಿದು ನೋಡುತ್ತಿದ್ದರು. ‘ತಡೀರಿ, ಕಣ್ಣಿಗೆ ಕಾಣ್ಲಿ’ ಅನ್ನೋದು ಅವರ ಮಾತು.

ಅಡಿಕೆ ಹಾಳೆಯ ತಟ್ಟೆ ಮಾಡುವ ಕಂಪನಿ ತೆರೆದಿದ್ದ ವಿದೇಶಿಯೊಬ್ಬ, ಸಂಶೋಧನೆಯ ಹೆಸರಲ್ಲಿ ತೆರಿಗೆ ರಿಯಾಯಿತಿ ಪಡೆಯಲು ಅವರ ಸಹಿಗೆ ಬಂದ. ನಮಗೆ ಅಷ್ಟು ದೊಡ್ಡ ಗಿರಾಕಿ ಬೇರೆ ಇರಲಿಲ್ಲ. ಆದರೂ ಆಡಿಟರು ನನ್ನನ್ನು ಕರೆದುಕೊಂಡು ಅವನ ಪ್ರಯೋಗಾಲಯ ನೋಡಲು ಹೋದರು. ಉಪಕರಣಗಳ ಪ್ಲಾಸ್ಟಿಕ್ ಕವರ್ ಕೂಡ ತೆಗೆದಿರಲಿಲ್ಲ.

‘ಪ್ರಯೋಗದಾಗ ಕೆಟ್ಟ ತಟ್ಟೆ ತೋರಿಸ್ರಿ,’ ಎಂದರು.

‘ಒಂದೂ ಕೆಟ್ಟಿಲ್ಲ,’ ಎಂದ ಅವನು, ಕಲಿತ ಕನ್ನಡದಲ್ಲಿ, ಹೆಮ್ಮೆಯಿಂದ.

ಆಡಿಟರು ಪೆನ್ನಿನ ಮುಚ್ಚಳ ಹಾಕಿದರು. ‘ಒಂದೂ ಕೆಡದಿದ್ರೆ ನೀವು ಹುಡುಕಿದ್ದಾದ್ರೂ ಏನು? ಸಹಿ ಮಾಡಾಕೆ ಆಗಲ್ಲ.’

ಅವನು ಫೈಲು ಕಸಿದುಕೊಂಡು ಬೇರೆ ಆಡಿಟರನ್ನು ನೋಡುತ್ತೇನೆಂದ.

ವಾಪಸ್ ಬರುವಾಗ ಬಸ್ಸಿನಲ್ಲಿ ಆಡಿಟರು, ‘ನಾನು ನೋಡದ ಕೋಣೆ ಇನ್ನೊಂದು ಇತ್ತೇನ್ರೀ?’ ಎಂದು ಕೇಳಿದರು. ಇರಲಿಲ್ಲ ಎಂದೆ. ಆದರೂ ಮುಂದಿನ ಸ್ಟಾಪಿನಲ್ಲಿ ಇಳಿದು, ಒಬ್ಬರೇ ಪ್ರಯೋಗಾಲಯದ ಕಡೆ ವಾಪಸ್ ನಡೆದರು.